ಟೈನ್ ನದಿಯ ಎರಡು ದಡ

1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್, ನಡುವಯಸ್ಸಿನ ಕೆಲವು ಹೆಂಗಸರ ಬಗ್ಗೆ ಪ್ರಬಂಧ ಓದಿದರು. ಮುಖ ಊದಿತ್ತು, ನಾಲಿಗೆ ದಪ್ಪವಾಗಿತ್ತು, ಮೈಮನಸ್ಸು ಎರಡೂ ಜಡವಾಗಿದ್ದವು. 1878ರಲ್ಲಿ ವಿಲಿಯಂ ಆರ್ಡ್ ಇದಕ್ಕೆ ಮಿಕ್ಸಿಡೀಮಾ ಎಂದರು. ಕತ್ತಿನ ಥೈರಾಯ್ಡ್ ಗ್ರಂಥಿ ಸೋತಾಗ ಬರುವ ಕಾಯಿಲೆ ಇದು. ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ.

ಮದ್ದು ಬಂದದ್ದು ಟೈನ್ ನದಿಯ ಉತ್ತರ ದಡದ ನ್ಯೂಕಾಸಲ್‌ನಿಂದ. 1891ರಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು ಆಗತಾನೆ ಕಡಿದ ಕುರಿಯ ಥೈರಾಯ್ಡ್ ಗ್ರಂಥಿಯನ್ನು ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆದರು. ಅದನ್ನು 46 ವರ್ಷದ ಹೆಂಗಸೊಬ್ಬರ ಚರ್ಮದಡಿ ಚುಚ್ಚಿದರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು.

ಅದೇ ನದಿಯ ದಕ್ಷಿಣಕ್ಕೆ ವಿಕಮ್ ಎಂಬ ಊರು. 1972ರಿಂದ 1974ರವರೆಗೆ ಅಲ್ಲಿ 2,779 ಜನರ ಥೈರಾಯ್ಡ್ ಪರೀಕ್ಷಿಸಿದರು. ಕಾಯಿಲೆ ಎಂದು ಆಸ್ಪತ್ರೆಗೆ ಬಂದವರಲ್ಲ, ಊರಿನ ಸಾಮಾನ್ಯ ಜನ. ಥೈರಾಯ್ಡ್ ಸೋತಾಗ ರಕ್ತದಲ್ಲಿ ಏರುವ ಹಾರ್ಮೋನು ಟಿಎಸ್‌ಎಚ್. ಟಿಎಸ್‌ಎಚ್ ಏರಿದ್ದು ಗಂಡಸರಲ್ಲಿ ನೂರಕ್ಕೆ 2.8, ಹೆಂಗಸರಲ್ಲಿ 7.5. ಅದರಲ್ಲೂ 45 ದಾಟಿದ ಹೆಂಗಸರಲ್ಲಿ ಏರಿಕೆ ಎದ್ದು ಕಾಣುತ್ತಿತ್ತು.

ಇಂಥ ಎಣಿಕೆಗೆ ದಾರಿ ಮಾಡಿದ್ದು ರಕ್ತದ ಹಾರ್ಮೋನು ಅಳೆಯುವ ರೇಡಿಯೋ ಇಮ್ಯುನೋ ಅಸ್ಸೇ ಎಂಬ ಪರೀಕ್ಷೆ. ನಾನು ಲ್ಯಾಬ್ ಕೆಲಸ ಕಲಿತದ್ದೂ ಅದರಲ್ಲೇ. ಅಯೋಡಿನ್-125 ಹಾಕಿದ ಟ್ಯೂಬುಗಳನ್ನು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗಾಮಾ ಕೌಂಟರಿಗೆ ಇಟ್ಟು, ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಕರ್ವ್ ಎಳೆದು ಓದಬೇಕಿತ್ತು. ಒಂದು ಬ್ಯಾಚಿಗಾಗುವಷ್ಟು ಸ್ಯಾಂಪಲ್ ಸೇರುವ ತನಕ ಕಾಯುತ್ತಿದ್ದೆವು. ಹಾಗಾಗಿ ಡಾಕ್ಟರುಗಳು ಯೋಚಿಸಿಯೇ ಚೀಟಿ ಬರೆಯುತ್ತಿದ್ದರು. ಈಗ ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಮಷಿನ್ ಅಂಕಿ ಕೊಡುತ್ತದೆ. ಥೈರಾಯ್ಡ್ ಇಲ್ಲದ ಚೆಕಪ್ ಪ್ಯಾಕೇಜ್ ಸಿಗುವುದೇ ಕಷ್ಟ.

ಪರೀಕ್ಷೆ ಸುಲಭವಾದಂತೆ ತಕರಾರೂ ಬೆಳೆಯಿತು. 2000ದಲ್ಲಿ ಅಮೆರಿಕದ ಥೈರಾಯ್ಡ್ ತಜ್ಞರ ಸಂಘ, 35ರಿಂದ ಆಚೆಗೆ ಎಲ್ಲರೂ ಐದು ವರ್ಷಕ್ಕೊಮ್ಮೆ ಮಾಡಿಸಲಿ ಎಂದಿತು. ಅದೇ ದೇಶದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2015ರಲ್ಲಿ, ಲಕ್ಷಣವಿಲ್ಲದವರಿಗೆ ಇದರಿಂದ ಲಾಭವೋ ನಷ್ಟವೋ ಹೇಳಲು ಪುರಾವೆ ಸಾಲದು ಎಂದಿತು. 2017ರ ಟ್ರಸ್ಟ್ (TRUST) ಎಂಬ ಅಧ್ಯಯನದಲ್ಲಿ 65 ದಾಟಿದ, ಟಿಎಸ್‌ಎಚ್ ಮಾತ್ರ ಏರಿದ್ದ 737 ಮಂದಿ ಇದ್ದರು. ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗಿದವರ ಸುಸ್ತು, ಔಷಧವಿಲ್ಲದ ಮಾತ್ರೆ ನುಂಗಿದವರ ಸುಸ್ತಿಗಿಂತ ಹೆಚ್ಚೇನೂ ಇಳಿಯಲಿಲ್ಲ.

"ಅಕ್ಕಾ, ನಂಗೆ ಥೈರಾಯ್ಡ್ ಬಂದಿದೆಯಂತೆ" ಎಂದು ರಿಪೋರ್ಟ್ ಹಿಡಿದು ಬರುವ ನೆರೆಹೊರೆಯವರನ್ನು ನಾನು ಮೊದಲು ಕೇಳುವುದು: ಚಳಿ ತಡೆಯಲ್ವಾ? ಮಲಬದ್ಧತೆ ಇದೆಯಾ? ಧ್ವನಿ ಗೊಗ್ಗರಾಗಿದೆಯಾ? ಏನೂ ಇಲ್ಲ, ಟಿಎಸ್‌ಎಚ್ ಕೂಡ ಸ್ವಲ್ಪವೇ ಏರಿದೆ ಎಂದಾದರೆ, ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬಹುದಾ ಎಂದು ಡಾಕ್ಟರನ್ನು ಕೇಳಿ ಎನ್ನುತ್ತೇನೆ. ಕಷ್ಟ ಹೇಳಿಕೊಂಡು ಬಂದವಳನ್ನು ಮಾತ್ರ "ವಯಸ್ಸಾಯ್ತಲ್ಲ" ಎಂದು ವಾಪಸ್ ಕಳಿಸಬಾರದು. ಅವಳ ಸ್ಯಾಂಪಲ್ ಅವತ್ತೇ ತೆಗೆಯಬೇಕು.