ಇಂಟರಪ್ಟ್ ಎಂಬ ಕರೆಗಂಟೆಯ ಇತಿಹಾಸ



ಬೆಂಗಳೂರು, ಪುಣೆಗಳಲ್ಲಿ ದುಡಿಯುವ ನಮ್ಮ ಮಕ್ಕಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಲ್ಲಿ ಎರಡನೆಯ ಬದುಕನ್ನು ಆರಂಭಿಸುತ್ತವೆ. ಅಣ್ಣನದು ತಂಗಿಗೆ, ಕಾಕಾನದು ಮಗನಿಗೆ. ಹಳೆಯ ಯಂತ್ರಕ್ಕೆ ಹಗುರವಾಗಲಿ ಎಂದು ಯಾರೋ ಲಿನಕ್ಸ್ ಹಾಕಿಕೊಡುತ್ತಾರೆ. ಗುಂಡಿ ಒತ್ತಿದರೆ ದೀಪ ಬೆಳಗುತ್ತದೆ, ಲಾಂಛನ ಮೂಡುತ್ತದೆ, ಅಲ್ಲಿಗೇ ಎಲ್ಲ ಸ್ತಬ್ಧ. ಅಂಗಡಿಗೆ ಒಯ್ದರೆ ಒಂದೇ ತೀರ್ಪು: "ಬೋರ್ಡ್ ಹೋಗೇತ್ರೀ, ಹೊಸಾದು ತಗೋರಿ." ಬೋರ್ಡು ಹೋಗಿರಲೂಬಹುದು, ಆದರೆ ಹೋಗದೆಯೂ ಯಂತ್ರ ಹೀಗೆ ನಿಲ್ಲಲು ಇನ್ನೊಂದು ಕಾರಣವುಂಟು, ಮತ್ತು ಆ ಕಾರಣಕ್ಕೆ ಎಪ್ಪತ್ತು ವರ್ಷಗಳ ಇತಿಹಾಸವಿದೆ.

ತರಗತಿಯನ್ನೇ ನೆನೆಯಿರಿ. "ನಿನಗೆ ಸಂಶಯವಿದೆಯೇ?" ಎಂದು ಶಿಕ್ಷಕನು ಪ್ರತಿ ಬೆಂಚಿಗೂ ಹೋಗಿ ಕೇಳುತ್ತಿದ್ದರೆ ಪಾಠ ಮುಗಿಯುವುದೆಂದು? ಸಂಶಯವಿದ್ದವನು ಕೈ ಎತ್ತಿದರೆ ಸಾಕು. ಶಿಕ್ಷಕನು ಪಾಠ ನಿಲ್ಲಿಸಿದ ಸಾಲನ್ನು ನೆನಪಿಟ್ಟುಕೊಂಡು, ಉತ್ತರ ಹೇಳಿ, ಅದೇ ಸಾಲಿನಿಂದ ಮುಂದುವರಿಯುತ್ತಾನೆ. ಕೀಲಿಮಣೆ, ಡಿಸ್ಕ್, ಗಡಿಯಾರ ಮುಂತಾದವು ಪ್ರೊಸೆಸರಿನ ಮುಂದೆ ಹೀಗೆ ಕೈ ಎತ್ತುವುದಕ್ಕೇ ಇಂಟರಪ್ಟ್ ಎಂದು ಹೆಸರು. ನಿಘಂಟು 'ಅಡ್ಡಿ' ಎನ್ನುತ್ತದೆ. ನನಗೆ 'ಕರೆ' ಎಂಬುದೇ ಒಪ್ಪುತ್ತದೆ. ರಾಮದುರ್ಗ ಸೀಮೆಯ ನೇಕಾರರಿಗೆ ಈ ಯುಕ್ತಿ ಹೊಸದಲ್ಲ. ಹೊಕ್ಕಿನ ನೂಲು ಹರಿದೊಡನೆ ಯಂತ್ರಮಗ್ಗ ತಾನಾಗಿ ನಿಲ್ಲುವ ಏರ್ಪಾಡು 19ನೆಯ ಶತಮಾನದಲ್ಲಿಯೇ ಬಂದಿತ್ತು.

ಕಂಪ್ಯೂಟರಿನಲ್ಲಿ ಇದು ಕಾಣಿಸಿಕೊಂಡದ್ದು 1950ರ ದಶಕದಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1954ರಲ್ಲಿ ಮುಗಿಸಿದ 'ಡಿಸಿಯಾಕ್' ಯಂತ್ರದಲ್ಲಿ ಹೊರಗಿನ ಸಾಧನಗಳು ಕರೆಯುವ ಏರ್ಪಾಡಿತ್ತು. ನೆದರ್ಲೆಂಡ್ಸ್‌ನಲ್ಲಿ 'ಎಕ್ಸ್-1' ಯಂತ್ರವನ್ನು ರೂಪಿಸುತ್ತಿದ್ದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಅವರು 1957ರ ಸುಮಾರಿಗೆ ಇಂಟರಪ್ಟ್ ಸೇರಿಸೋಣವೆಂದಾಗ, ಅದಕ್ಕೆ ಪ್ರೋಗ್ರಾಂ ಬರೆಯಬೇಕಾಗಿದ್ದ ಎಡ್ಸ್ಕರ್ ಡೈಕ್ಸ್ಟ್ರಾ ಅಂಜಿದರಂತೆ. ಕರೆ ಯಾವ ಕ್ಷಣದಲ್ಲಿ ಬರುವುದೆಂದು ಯಾರೂ ಹೇಳಲಾರರು. ಹಾಗಿದ್ದಮೇಲೆ ಒಮ್ಮೆ ಕಂಡ ದೋಷ ಮತ್ತೆ ಅದೇ ರೀತಿ ಕಾಣಿಸದೇ ಹೋಗಬಹುದು. ಕಾಣಿಸದ ದೋಷವನ್ನು ತಿದ್ದುವುದು ಹೇಗೆ? ಕೊನೆಗೆ ಅವರೇ ಆ ಕೆಲಸವನ್ನು ಮಾಡಿ, ಅದರ ಮೇಲೆಯೇ ಪ್ರಬಂಧ ಬರೆದು 1959ರಲ್ಲಿ ಡಾಕ್ಟರೇಟ್ ಪಡೆದರು. ನಿಮ್ಮ ಲ್ಯಾಪ್‌ಟಾಪ್ ಸೋಮವಾರ ಆರಂಭವಾಗಿ ಮಂಗಳವಾರ ನಿಂತುಬಿಟ್ಟರೆ, ಡೈಕ್ಸ್ಟ್ರಾ ಅಂಜಿದ್ದು ಇದಕ್ಕೇ ಎಂದು ತಿಳಿಯಿರಿ.

ಇಂದಿನ ತೊಂದರೆಯ ಬೇರು ಇರುವುದು 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿ.ಸಿ.ಯಲ್ಲಿ. ಅದರಲ್ಲಿ 8259 ಎಂಬ ಇಂಟೆಲ್ ಚಿಪ್ಪು ಕರೆಗಳನ್ನು ಸ್ವೀಕರಿಸುವ ಜವಾನ. ಅವನ ಬಳಿ ಎಂಟೇ ತಂತಿಗಳು: ಸೊನ್ನೆಯದು ಗಡಿಯಾರಕ್ಕೆ, ಒಂದನೆಯದು ಕೀಲಿಮಣೆಗೆ, ಆರನೆಯದು ಫ್ಲಾಪಿಗೆ, ಹೀಗೆ. 1984ರ ಮಾದರಿಯಲ್ಲಿ ಎರಡನೆಯ ಜವಾನನನ್ನು ಮೊದಲನೆಯವನ ಎರಡನೆಯ ತಂತಿಗೆ ಕಟ್ಟಿದರು. ಬಳಕೆಗೆ ಸಿಕ್ಕವು ಹದಿನೈದು. ಒಂದು ತಂತಿಯನ್ನು ಇಬ್ಬರು ಜಗ್ಗುವಂತಿರಲಿಲ್ಲ. ಸೌಂಡ್ ಕಾರ್ಡು ಹಾಕಿದೊಡನೆ ಪ್ರಿಂಟರು ಮುನಿಸಿಕೊಳ್ಳುತ್ತಿದ್ದ ಆ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಕರೆಗಳ ಕ್ರಮಾಂಕದಲ್ಲಿ ಮೊದಲ ಮೂವತ್ತೆರಡನ್ನು ಇಂಟೆಲ್ ಸಂಸ್ಥೆ ಪ್ರೊಸೆಸರಿನ ಸ್ವಂತ ಉಪಯೋಗಕ್ಕೆ ಕಾಯ್ದಿರಿಸಿತ್ತು. ಐಬಿಎಂ ಅದನ್ನು ಲೆಕ್ಕಿಸದೆ ಗಡಿಯಾರ, ಕೀಲಿಮಣೆಗಳಿಗೆ ಎಂಟರಿಂದ ಹದಿನೈದರವರೆಗಿನ ಕ್ರಮಾಂಕಗಳನ್ನು ಕೊಟ್ಟುಬಿಟ್ಟಿತು. ಮುಂದಿನ ಪ್ರೊಸೆಸರುಗಳು ತಮ್ಮ ಜಾಗವನ್ನು ಬಳಸತೊಡಗಿದಾಗ, ಆರಂಭದಲ್ಲಿಯೇ ಈ ಕ್ರಮಾಂಕಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಕೆಲಸ ಆಪರೇಟಿಂಗ್ ಸಿಸ್ಟಂನ ಪಾಲಿಗೆ ಬಂತು. ಇನಾಂ ಜಮೀನಿನ ತಕರಾರಿನಂತೆ, ಅಂದು ಯಾರೋ ಹಾಕಿದ ಬಾಂದುಕಲ್ಲನ್ನು ಇಂದಿನವರು ಸರಿಸುತ್ತಲೇ ಇರಬೇಕು.

1992ರ ಪಿಸಿಐ ಪದ್ಧತಿಯಲ್ಲಿ ತಂತಿಗಳನ್ನು ಹಂಚಿಕೊಳ್ಳಲು ಸಾಧ್ಯವಾಯಿತು. ಹೆಚ್ಚು ತಂತಿಗಳ 'ಎಪಿಕ್' ಎಂಬ ಹೊಸ ಜವಾನನೂ ಬಂದನು. ಯಾವ ಸಾಧನ ಯಾವ ತಂತಿಗೆ ಎಂಬ ಪಟ್ಟಿಯನ್ನು ಯಂತ್ರವೇ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸಬೇಕೆಂದು 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 'ಎಸಿಪಿಐ' ನಿಯಮಾವಳಿಯನ್ನು ಪ್ರಕಟಿಸಿದವು. ನಿಯಮವೇನೋ ಒಳ್ಳೆಯದೇ. ಆದರೆ ಅನೇಕ ಲ್ಯಾಪ್‌ಟಾಪ್ ತಯಾರಕರು ಆ ಪಟ್ಟಿಯನ್ನು ವಿಂಡೋಸ್‌ನಲ್ಲಿ ಮಾತ್ರ ಪರೀಕ್ಷಿಸಿ ಮಾರುಕಟ್ಟೆಗೆ ಬಿಟ್ಟರು. ತಪ್ಪು ಪಟ್ಟಿಯ ಫಲವನ್ನು ಉಂಡವರು ಲಿನಕ್ಸ್ ಬಳಸುವವರು.

ತಪ್ಪು ಪಟ್ಟಿಯಿಂದ ಎರಡು ಬಗೆಯ ಅನರ್ಥವಾಗುತ್ತದೆ. ಡಿಸ್ಕಿನ ಕರೆ ಹನ್ನೊಂದರಲ್ಲಿ ಬರುವುದೆಂದು ಸಿಸ್ಟಂ ಕಾದು ಕುಳಿತಿರುತ್ತದೆ. ಕರೆ ಬರುವುದು ಬೇರೆ ತಂತಿಯಲ್ಲಿ. ಲಾಂಛನ ಮೂಡಿ ನಿಲ್ಲುವುದಕ್ಕೆ ಇದೊಂದು ಕಾರಣ. ಎರಡನೆಯದು ಇದರ ತಿರುವುಮುರುವು: ತಂತಿ ಎಡೆಬಿಡದೆ ಬಾರಿಸುತ್ತದೆ, ಓಗೊಡುವವರು ಯಾರೂ ಇಲ್ಲ. ಲಿನಕ್ಸ್ ಒಂದು ಲಕ್ಷ ಕರೆಗಳನ್ನು ಎಣಿಸಿ, ಅವುಗಳಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದರೆ, 'ಯಾರೂ ಕೇಳಲಿಲ್ಲ' ಎಂಬ ಅರ್ಥದ ಸಂದೇಶ ಬರೆದು ಆ ತಂತಿಯನ್ನೇ ಮುಚ್ಚುತ್ತದೆ. ಅದೇ ತಂತಿಯನ್ನು ಹಂಚಿಕೊಂಡ ನಿರಪರಾಧಿ ಸಾಧನವೂ ಅದರೊಡನೆ ಮೂಕವಾಗುತ್ತದೆ.

ಊರಿನ ಮಾತು ಬಂದಾಗ ಒಂದು ನೆನಪು. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಿಂದ ತಾಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಉತಾರ ಸಿಗತೊಡಗಿತು. ಕಿತ್ತೂರು ಆಗ ಬೈಲಹೊಂಗಲ ತಾಲೂಕಿನಲ್ಲಿತ್ತು. ಅಲ್ಲಿನ ರೈತರೂ ಬೈಲಹೊಂಗಲಕ್ಕೇ ಬರಬೇಕು. ಯಂತ್ರ ನಿಂತ ದಿನ ಒಬ್ಬ ರೈತನ ಬಸ್ ಖರ್ಚು, ಒಂದು ದಿನದ ದುಡಿಮೆ ಎರಡೂ ಹೋದಂತೆಯೇ. ಕಂಪ್ಯೂಟರಿನ ದೋಷಗಳನ್ನು ಪಟ್ಟಣದವರ ಚಿಂತೆ ಎನ್ನುವವರೊಡನೆ ನಾನು ಎಂದೂ ಒಪ್ಪಿಲ್ಲ.

ಕೆಲವು ವರ್ಷಗಳ ಹಿಂದೆ ರಾಮದುರ್ಗದ ಕಡೆಯ ನೇಕಾರರ ಮನೆಯ ಹುಡುಗಿಯೊಬ್ಬಳ ಲ್ಯಾಪ್‌ಟಾಪಿಗೂ ಇದೇ ಗತಿಯಾಗಿತ್ತು. ಪರೀಕ್ಷೆಗೆ ಪ್ರಾಜೆಕ್ಟ್ ವರದಿ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಹೊಸದು ಕೊಳ್ಳಲು ತಂದೆ ಸಾಲ ಕೇಳಿ ಬಂದಿದ್ದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿಯೇ ಅವಳಿಗೆ ಹೇಳುತ್ತ ಹೋದ: "ಮೊದಲ ಯುಎಸ್‌ಬಿಗೆ ಹಚ್ಚಿದ್ದೆಲ್ಲಾ ತಗೀವಾ. ಗ್ರಬ್ ಪಟ್ಟಿ ಬಂದಾಗ 'ಇ' ಒತ್ತು. ಲಿನಕ್ಸ್ ಅಂತ ಸುರು ಆಗೋ ಸಾಲಿನ ಕಡೀಗೆ 'ನೋಎಪಿಕ್' ಅಂತ ಹೊಡಿ." ಎಂದರೆ, ಹೊಸ ಜವಾನನನ್ನು ಬಿಟ್ಟು 8259ರ ಹಳೆಯ ಪದ್ಧತಿಗೆ ಮರಳು ಎಂಬ ಆಜ್ಞೆ. ಯಂತ್ರ ಎದ್ದಿತು. ಸಾಲದ ಮಾತು ಅಲ್ಲಿಗೇ ನಿಂತಿತು.

ಎಲ್ಲ ಯಂತ್ರಗಳಿಗೂ ಇದೊಂದೇ ಮದ್ದಲ್ಲ. 'ಇರ್ಕ್ಯೂಪೋಲ್' ಎಂಬ ಪದ ಸೇರಿಸಿದರೆ, ಯಾರೂ ಓಗೊಡದ ಕರೆ ಬಂದಾಗ ಲಿನಕ್ಸ್ ಸಾಧನಗಳ ಚಾಲಕ ತಂತ್ರಾಂಶಗಳನ್ನು ಒಂದೊಂದಾಗಿ ವಿಚಾರಿಸುತ್ತದೆ; ಪ್ರತಿ ಬೆಂಚಿಗೂ ಹೋಗುವ ಶಿಕ್ಷಕನೇ ಮರಳಿ ಬಂದಂತೆ, ತುಸು ನಿಧಾನ. 'ಎಸಿಪಿಐ'ಯನ್ನೇ ಆಫ್ ಮಾಡುವುದು ಕಟ್ಟಕಡೆಯ ಉಪಾಯ; ಬ್ಯಾಟರಿಯ ಲೆಕ್ಕ, ನಿದ್ರಾವಸ್ಥೆ ಎರಡೂ ಕೈತಪ್ಪುತ್ತವೆ. ಇವೆಲ್ಲಕ್ಕೂ ಮೊದಲು ಹೊಸ ಕರ್ನೆಲ್ ಹಾಕಿ ನೋಡುವುದು, ತಯಾರಕರು ಬಯಾಸ್ ತಿದ್ದುಪಡಿ ಕೊಟ್ಟಿದ್ದರೆ ಅದನ್ನು ಹಾಕಿಸುವುದು ಮೇಲು. ಯಾವುದೇ ಪದ ಸೇರಿಸಿದರೂ ಯಂತ್ರ ಪ್ರತಿ ಸಲ ಬೇರೆಬೇರೆ ಹಂತದಲ್ಲಿ ನಿಲ್ಲುತ್ತಿದ್ದರೆ ಮೆಮೊರಿ ಕಾರ್ಡು ಅಥವಾ ಬಿಸಿಯನ್ನು ಸಂಶಯಿಸಬೇಕು. ಆಗ ಅಂಗಡಿಯವನ ಮಾತೇ ನಿಜವಿರಬಹುದು.

ಗ್ರಬ್‌ನಲ್ಲಿ ಹೊಡೆದ ಪದ ಆ ಒಂದು ಸಲಕ್ಕೆ ಮಾತ್ರ ಎಂಬುದನ್ನು ಮರೆಯಬೇಡಿ. ಯಂತ್ರ ಎದ್ದಮೇಲೆ ಅದೇ ಪದವನ್ನು ಗ್ರಬ್‌ನ ಕಡತದಲ್ಲಿ ಬರೆದು, 'ಅಪ್‌ಡೇಟ್-ಗ್ರಬ್' ಆಜ್ಞೆ ಕೊಡಬೇಕು.