ಕೀಲೆಣ್ಣೆಯ ಹದ

ಬೆಲ್ಲದ ಪಾಕ ಹಿಡಿಯುವವರಿಗೆ ಒಂದೆಳೆಗೂ ಎರಡೆಳೆಗೂ ನಡುವೆ ಎಷ್ಟು ಕಡಿಮೆ ಅಂತರವಿದೆ ಎಂಬುದು ಗೊತ್ತು. ಒಂದು ಗಳಿಗೆ ಮೈಮರೆತರೆ ಉಂಡೆಯಾಗಬೇಕಿದ್ದದ್ದು ಕಲ್ಲಾಗುತ್ತದೆ. ಎಂಜಿನ್ನಿನೊಳಗಿನ ಎಣ್ಣೆಯದೂ ಇದೇ ಕಥೆ, ದಿಕ್ಕು ಮಾತ್ರ ತಿರುಗುಮುರುಗು. ಪಾಕ ಕಾದಷ್ಟೂ ಗಟ್ಟಿ, ಎಣ್ಣೆ ಕಾದಷ್ಟೂ ತೆಳು. ಊರೊಳಗೆ, ಹೆದ್ದಾರಿಯಲ್ಲಿ ಓಡುವ ಕಾರಿನ ಆಯಿಲ್ ಸಾಮಾನ್ಯವಾಗಿ 90ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದೇ ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸಿ ನಾಲ್ಕೈದು ಲ್ಯಾಪ್ ದಬಾಯಿಸಿದರೆ ಅದು 120 ದಾಟುತ್ತದೆ, 130ರತ್ತ ಏರುತ್ತದೆ. ಆಗಲೂ ಡ್ಯಾಶ್‌ಬೋರ್ಡಿನ ಮೇಲಿನ ನೀರಿನ ಮುಳ್ಳು ನಡುಮಧ್ಯದಲ್ಲೇ ನಿಂತು ಎಲ್ಲವೂ ಸರಿಯಿದೆ ಎನ್ನುತ್ತಿರುತ್ತದೆ.

ಹಾಗೇಕೆಂದರೆ, ನೀರು ಹೋಗದ ಜಾಗಕ್ಕೆ ಎಣ್ಣೆ ಹೋಗುತ್ತದೆ. ಪಿಸ್ಟನ್ನಿನ ತಳಕ್ಕೆ ಚಿಮ್ಮುವುದು ಎಣ್ಣೆ, ಟರ್ಬೊದ ಕೆಂಡದಂಥ ಬೇರಿಂಗಿನ ಮೂಲಕ ಹಾದು ಬರುವುದೂ ಎಣ್ಣೆ. ಸಾಲದ್ದಕ್ಕೆ ಬೇರಿಂಗಿನ ಇಕ್ಕಟ್ಟಿನಲ್ಲಿ ಅರೆಯಿಸಿಕೊಂಡು ತಾನೇ ಬಿಸಿಯಾಗುತ್ತದೆ. ಆರ್‌ಪಿಎಂ ಏರಿದಷ್ಟೂ ಈ ಅರೆತ ಹೆಚ್ಚು. ಎಣ್ಣೆ ನೀರಿಗಿಂತ ತಡವಾಗಿ ಕಾಯುತ್ತದೆ, ತಡವಾಗಿಯೇ ಆರುತ್ತದೆ. ಎಸ್‌ಎಇ 40 ದರ್ಜೆಯ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕೆಂಬುದು ನಿಯಮ. 140 ಡಿಗ್ರಿಗೆ ಹೋಗುವಷ್ಟರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಲೋಹ ಲೋಹವನ್ನು ಮುಟ್ಟದಂತೆ ತಡೆಯುವ ಕೆಲವೇ ಮೈಕ್ರಾನ್ ದಪ್ಪದ ಪೊರೆ ಅಷ್ಟರಮಟ್ಟಿಗೆ ಸೊರಗಿರುತ್ತದೆ.

ಹಾಗಾದರೆ ತಂಪು ಮಾಡಿದರಾಯಿತಲ್ಲ? ಮೊದಮೊದಲು ಎಂಜಿನಿಯರುಗಳಿಗೂ ಹಾಗೇ ಅನ್ನಿಸಿತ್ತು. ತಂಪು ಮಾಡುವುದು ಬೇರೆ, ಹದ ಕಾಯುವುದು ಬೇರೆ ಎಂದು ಅರಿವಾಗಲು ಅವರಿಗೆ ಹಲವು ದಶಕಗಳೇ ಬೇಕಾದವು.

ಸುರಿದು ಮರೆತ ಕಾಲ

ಆರಂಭದ ಎಂಜಿನ್ನುಗಳಲ್ಲಿ ಎಣ್ಣೆಯ ಬಿಸಿ ಸಮಸ್ಯೆಯೇ ಆಗಿರಲಿಲ್ಲ, ಏಕೆಂದರೆ ಎಣ್ಣೆ ಒಳಗೆ ಉಳಿಯುತ್ತಲೇ ಇರಲಿಲ್ಲ. ಹನಿಹನಿಯಾಗಿ ಒಳಗೆ ಹೋಗಿ, ಕೆಲಸ ಮುಗಿಸಿ, ಹೊಗೆಯಾಗಿಯೋ ನೆಲದ ಮೇಲಿನ ಕಲೆಯಾಗಿಯೋ ಹೊರಬೀಳುತ್ತಿತ್ತು. ಪ್ರತಿ ಹನಿಯೂ ಹೊಸದು, ಪ್ರತಿ ಹನಿಯೂ ತಂಪು.

ಆ ಕಾಲದ ರೇಸುಗಾರರ ಅಚ್ಚುಮೆಚ್ಚು ನಮ್ಮ ಹಿತ್ತಿಲ ಹರಳೆಣ್ಣೆ. ಬಿಸಿಯಲ್ಲೂ ಲೋಹದ ಮೈಗೆ ಅಂಟಿಕೊಳ್ಳುವುದು ಅದರ ಹುಟ್ಟುಗುಣ. ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಬ್ರಿಟಿಷ್ ಕಂಪನಿ 1909ರಲ್ಲಿ ತನ್ನ ಎಣ್ಣೆಗೆ ಹರಳೆಣ್ಣೆ ಬೆರೆಸಿ ಇಟ್ಟ ಹೆಸರು ‘ಕ್ಯಾಸ್ಟ್ರಾಲ್’. ಹರಳೆಣ್ಣೆಯ ಇಂಗ್ಲಿಷ್ ಹೆಸರು ‘ಕ್ಯಾಸ್ಟರ್’ ಅದರಲ್ಲೇ ಅಡಗಿದೆ. ಮೊದಲ ಮಹಾಯುದ್ಧದ ರೋಟರಿ ವಿಮಾನ ಎಂಜಿನ್ನುಗಳೂ ಇದನ್ನೇ ಕುಡಿದು ಉಗುಳಿದವು. ಆದರೆ ಹರಳೆಣ್ಣೆ ಕಾದು ಕಾದು ಅಂಟಾಗಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ಎಣ್ಣೆಯನ್ನು ಎಂಜಿನ್ನಿನ ತಳದ ತೊಟ್ಟಿಯಾದ ಸಂಪಿನಲ್ಲಿಟ್ಟು ಮತ್ತೆಮತ್ತೆ ತಿರುಗಿಸುವ ಪದ್ಧತಿ ಬಂದಾಗ ಇದು ದೊಡ್ಡ ಕೊರತೆಯಾಯಿತು. ಅದೇ ಎಣ್ಣೆ ಮರಳಿ ಬರುವಂತಾದ ಮೇಲೆ ಅದರ ಜೊತೆಗೆ ಬಿಸಿಯೂ ಮರಳಿ ಬಂತು.

ಹೊರಗೊಂದು ಟ್ಯಾಂಕು

ರೇಸ್ ಕಾರುಗಳು ಕಂಡುಕೊಂಡ ಉತ್ತರ ಡ್ರೈ ಸಂಪ್. ಎಂಜಿನ್ನಿನ ತಳಕ್ಕೆ ಇಳಿದ ಎಣ್ಣೆಯನ್ನು ಅಲ್ಲೇ ನಿಲ್ಲಿಸದೆ, ಒಂದು ಪಂಪು ಎಳೆದುಕೊಂಡು ಹೊರಗಿನ ಟ್ಯಾಂಕಿಗೆ ಒಯ್ಯುತ್ತದೆ. ಇನ್ನೊಂದು ಪಂಪು ಟ್ಯಾಂಕಿನಿಂದ ಬೇರಿಂಗುಗಳಿಗೆ ಕಳಿಸುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ನುಂಗುವ ಅಪಾಯ ಇದರಿಂದ ತಪ್ಪುತ್ತದೆ. ತಾಪದ ಲೆಕ್ಕದಲ್ಲೂ ಲಾಭವಿದೆ: ಹೆಚ್ಚು ಎಣ್ಣೆ ಹಿಡಿಯುವುದರಿಂದ ಬಿಸಿ ನಿಧಾನವಾಗಿ ಏರುತ್ತದೆ, ನೊರೆ ಆರಲು ಹೊತ್ತು ಸಿಗುತ್ತದೆ, ದಾರಿಯಲ್ಲಿ ಕೂಲರ್ ಇಡಲು ಜಾಗವೂ ಸಿಗುತ್ತದೆ.

ಆಯಿಲ್ ಕೂಲರಿನಲ್ಲಿ ವಿಮಾನಗಳು ಮುಂದಿದ್ದವು. ಸ್ಪಿಟ್‌ಫೈರ್ ಯುದ್ಧವಿಮಾನದ ಮೊದಲ ಮಾದರಿಗಳಲ್ಲಿ ಬಲ ರೆಕ್ಕೆಯಡಿ ನೀರಿನ ರೇಡಿಯೇಟರ್, ಎಡ ರೆಕ್ಕೆಯಡಿ ಎಣ್ಣೆಗೇ ಮೀಸಲಾದ ಚಿಕ್ಕ ಕೂಲರ್ ಇತ್ತು. ಎಣ್ಣೆಯ ಬಿಸಿಗೆ ನೀರಿನಷ್ಟೇ ಮರ್ಯಾದೆ ಕೊಡಬೇಕೆಂಬುದು ಅಲ್ಲಿ ಆಗಲೇ ಒಪ್ಪಿತವಾಗಿತ್ತು.

ಅತಿ ತಂಪಿನ ಪಾಠ

ತಂಪೂ ಅತಿಯಾಗಬಹುದು ಎಂದು ಕಲಿಸಿದ್ದು ಮರ್ಸಿಡಿಸ್-ಬೆಂಜ್ 300 ಎಸ್‌ಎಲ್. ಇದರ ಬೇರು 1952ರಲ್ಲಿ ಲ ಮಾನ್ 24 ತಾಸಿನ ರೇಸ್ ಗೆದ್ದ ಡಬ್ಲ್ಯು194 ಕಾರಿನಲ್ಲಿದೆ. 1954ರಲ್ಲಿ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳೊಂದಿಗೆ ಅದು ರಸ್ತೆಗೆ ಬಂದಾಗ ರೇಸಿನ ಡ್ರೈ ಸಂಪ್, ದೊಡ್ಡ ಆಯಿಲ್ ಕೂಲರ್ ಎಲ್ಲವೂ ಜೊತೆಗೇ ಬಂದವು. ಇಂಧನ ಚಿಮ್ಮಿಸುವ ಯಾಂತ್ರಿಕ ಪಂಪು ಮಾತ್ರ ವಿಚಿತ್ರವಾಗಿತ್ತು: ಕೀಲಿ ತಿರುಗಿಸಿ ಇಗ್ನಿಷನ್ ಆರಿಸಿದರೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪೆಟ್ರೋಲು ಚಿಮ್ಮಿಸುತ್ತಲೇ ಇರುತ್ತಿತ್ತು. ಉರಿಯದ ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿಯುತ್ತಿತ್ತು. ಎಣ್ಣೆ ಚೆನ್ನಾಗಿ ಕಾದರೆ ಪೆಟ್ರೋಲು ಆವಿಯಾಗಿ ಹೋಗುತ್ತದೆ. ಆದರೆ ಅಷ್ಟೊಂದು ಎಣ್ಣೆ, ಅಷ್ಟು ದೊಡ್ಡ ಕೂಲರ್ ಇರುವಾಗ ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಕಾಯುವುದೆಂತು? ಮಾಲೀಕರು ಕೂಲರಿಗೆ ಗಾಳಿ ತಾಗದಂತೆ ಮುಚ್ಚಿದರು, ಸಾವಿರ ಮೈಲಿಗೊಮ್ಮೆ ಎಣ್ಣೆ ಬದಲಿಸಿದರು. ರೇಸಿನಲ್ಲಿ ವರವಾಗಿದ್ದ ಕೂಲರ್ ಪೇಟೆಯ ಬೀದಿಯಲ್ಲಿ ಶಾಪವಾಯಿತು.

ಈ ಗಂಟನ್ನು ಮುಂದೆ ಬಿಡಿಸಿದ್ದು ಥರ್ಮೋಸ್ಟ್ಯಾಟ್. ಆಯಿಲ್ ಫಿಲ್ಟರಿನ ಬುಡದಲ್ಲಿ ಕೂರುವ ‘ಸ್ಯಾಂಡ್‌ವಿಚ್ ಪ್ಲೇಟ್’ ಎಂಬ ಬಿಲ್ಲೆಯೊಳಗೆ ಮೇಣ ತುಂಬಿದ ಪುಟ್ಟ ಕವಾಟವಿರುತ್ತದೆ. ಸುಮಾರು 80 ಡಿಗ್ರಿವರೆಗೆ ಅದು ಕೂಲರಿನ ದಾರಿಯನ್ನು ಬಹುಮಟ್ಟಿಗೆ ಮುಚ್ಚಿಟ್ಟು, ಆಮೇಲೆ ತೆರೆಯುತ್ತದೆ. ಇಂದಿಗೂ ಟ್ರ್ಯಾಕಿಗೆ ಕಾರು ಸಜ್ಜುಗೊಳಿಸುವವರು ಥರ್ಮೋಸ್ಟ್ಯಾಟ್ ಇಲ್ಲದ ಕೂಲರನ್ನು ರಸ್ತೆ ಕಾರಿಗೆ ಹಾಕಬೇಡಿ ಎನ್ನುತ್ತಾರೆ.

ಎಣ್ಣೆಯೇ ನೀರಾದಾಗ

ನೀರೇ ಇಲ್ಲದ, ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ ಎಣ್ಣೆಗೆ ಎರಡು ಕೆಲಸ. ಫೋಕ್ಸ್‌ವ್ಯಾಗನ್ ಬೀಟಲ್‌ನ ಆಯಿಲ್ ಕೂಲರ್ ಫ್ಯಾನಿನ ಕವಚದೊಳಗೇ ನಿಂತಿತ್ತು. ಅದರ ಹಿಂದಿದ್ದ ಮೂರನೇ ಸಿಲಿಂಡರಿಗೆ ಸಿಗುತ್ತಿದ್ದುದು ಎಣ್ಣೆಯ ಬಿಸಿ ಹೊತ್ತ ಎಂಜಲು ಗಾಳಿ. ಕೂಲರನ್ನು ಪಕ್ಕದ ಗೂಡಿಗೆ ಸರಿಸಿ ಇದನ್ನು ಸರಿಪಡಿಸಿದ್ದು 1971ರ ಮಾದರಿಯಲ್ಲಿ. ಒಂದರ ಬಿಸಿ ತೆಗೆಯುವುದೆಂದರೆ ಅದನ್ನು ಇನ್ನೊಂದರ ತಲೆಗೆ ಕಟ್ಟುವುದಲ್ಲ ಎಂಬ ಈ ತಿಳಿವಳಿಕೆ ಮುಂದೆಯೂ ಮತ್ತೆಮತ್ತೆ ಬೇಕಾಯಿತು.

ಪೋರ್ಷೆ 911 ಈ ಪರಂಪರೆಯ ಶಿಖರ. 1964ರಲ್ಲಿ ಉತ್ಪಾದನೆ ಶುರುವಾದಾಗಿನಿಂದಲೂ ಅದರದು ಡ್ರೈ ಸಂಪ್. ಎಂಜಿನ್ ಹಿಂದಿದ್ದರೂ 1969ರ 911 ಎಸ್ ಮಾದರಿಗೆ ಹೆಚ್ಚುವರಿ ಆಯಿಲ್ ಕೂಲರ್ ಸಿಕ್ಕಿದ್ದು ಮುಂದಿನ ಬಲ ಚಕ್ರದ ಮಡ್‌ಗಾರ್ಡಿನಲ್ಲಿ. ಎಣ್ಣೆ ಕಾರಿನ ಉದ್ದಕ್ಕೂ ಹೋಗಿ ತಣಿದು ಬರುತ್ತಿತ್ತು. ಪೈಪುಗಳ ಉದ್ದವೇ ಅರ್ಧ ಕೂಲರ್. 1972ರ ಮಾದರಿಯಲ್ಲಿ ಟ್ಯಾಂಕನ್ನು ಹಿಂಚಕ್ರದ ಮುಂದಕ್ಕೆ ತಂದು, ಎಣ್ಣೆ ಹಾಕಲು ಬಲಬಾಗಿಲ ಹಿಂದೆ ಹೊರಗಿನಿಂದಲೇ ತೆರೆಯುವ ಮುಚ್ಚಳ ಇಟ್ಟರು. ಬಂಕಿನ ಹುಡುಗರು ಅದರೊಳಗೆ ಪೆಟ್ರೋಲು ಸುರಿದ ಪ್ರಸಂಗಗಳಾದವು; ಮರುವರ್ಷವೇ ಮುಚ್ಚಳ ಮಾಯ. ಈ ಹಳೆಯ 911ಗಳಲ್ಲಿ ಎಣ್ಣೆಯ ಮಟ್ಟ ನೋಡುವ ಕ್ರಮವೇ ಬೇರೆ: ಎಂಜಿನ್ ಪೂರ್ತಿ ಕಾದಿರಬೇಕು, ಸಮನೆಲದಲ್ಲಿ ನಿಂತು ಓಡುತ್ತಿರಬೇಕು. ಹದಕ್ಕೆ ಬಂದ ಮೇಲಷ್ಟೇ ಅದು ನಿಜ ಹೇಳುತ್ತದೆ.

ಗಾಳಿಯ ದಾರಿ

ಫಾರ್ಮುಲಾ ಒನ್ನಿನಲ್ಲಿ ಪ್ರಶ್ನೆ ಬೇರೆ ರೂಪ ತಾಳಿತು. ಕೂಲರ್ ಬೇಕು ಸರಿ, ಆದರೆ ಗಾಳಿಗೆ ಎದುರಾಗಿ ನಿಂತ ಪ್ರತಿ ಚದರ ಇಂಚೂ ವೇಗವನ್ನು ತಿನ್ನುತ್ತದೆ. ಮೂತಿಯಲ್ಲಿ ರೇಡಿಯೇಟರ್, ಬೆನ್ನ ಹಿಂದೆ ಎಂಜಿನ್ ಇದ್ದ ಕಾರುಗಳಲ್ಲಿ ಬಿಸಿ ಪೈಪುಗಳು ಚಾಲಕನ ಪಕ್ಕದಲ್ಲೇ ಹಾಯುತ್ತಿದ್ದವು. 1970ರ ಲೋಟಸ್ 72 ರೇಡಿಯೇಟರುಗಳನ್ನು ಮಗ್ಗುಲಿಗೆ ಸರಿಸಿದಾಗ ಮೂತಿ ಬೆಣೆಯಂತಾಯಿತು, ಚಾಲಕನಿಗೂ ತುಸು ತಂಪಾಯಿತು.

ಬ್ರಾಬಮ್ ತಂಡದ ವಿನ್ಯಾಸಕ ಗಾರ್ಡನ್ ಮರ್ರಿ ಇನ್ನೂ ಮುಂದೆ ಹೋದರು. ಬಿಟಿ46 ಕಾರಿನಲ್ಲಿ ರೇಡಿಯೇಟರುಗಳನ್ನೇ ತೆಗೆದು, ಮೈಗೆ ಅಂಟಿದ ಚಪ್ಪಟೆ ಫಲಕಗಳಲ್ಲಿ ನೀರನ್ನೂ ಎಣ್ಣೆಯನ್ನೂ ಹರಿಸಿದರು. ಕಾಗದದ ಮೇಲೆ ಅಂದವಾಗಿದ್ದ ಯೋಜನೆ ಪರೀಕ್ಷೆಯಲ್ಲೇ ಬೆಂದುಹೋಯಿತು. ಕಾರು ರೇಸಿಗಿಳಿದದ್ದು ಮಾಮೂಲಿ ರೇಡಿಯೇಟರುಗಳೊಂದಿಗೆ. ಅದೇ ವರ್ಷ, 1978ರ ಜೂನ್ 17ರಂದು, ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಬಂದದ್ದು ಹಿಂಬದಿಯಲ್ಲಿ ದೊಡ್ಡ ಫ್ಯಾನ್ ಹೊತ್ತ ಬಿಟಿ46ಬಿ. ಎಂಜಿನ್ ತಣಿಸಲು ಎಂದು ತಂಡ ಹೇಳಿತು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಆ ಫ್ಯಾನು ಕಾರಿನಡಿಯ ಗಾಳಿಯನ್ನು ಹೀರಿ ಕಾರನ್ನು ನೆಲಕ್ಕೆ ಕಚ್ಚಿಸುತ್ತಿತ್ತು. ಇನ್ನೊಂದು ಕಾರು ಚೆಲ್ಲಿದ ಎಣ್ಣೆಯ ಮೇಲೆ ಉಳಿದವರು ಜಾರುತ್ತಿದ್ದಾಗ ನಿಕಿ ಲೌಡಾ ಆರಾಮವಾಗಿ ಸಾಗಿ ಗೆದ್ದರು. ಮತ್ತೆಂದೂ ಆ ಕಾರು ರೇಸಿಗೆ ಬರಲಿಲ್ಲ.

ಅಂಥ ಸೋಲುಗೆಲುವುಗಳಿಂದ ಉಳಿದ ಪಾಠ ಸರಳ: ಗಾಳಿ ಒಳಬರುವ ಬಾಯಿಗಿಂತ ಹೊರಹೋಗುವ ದಾರಿ ಮುಖ್ಯ. ಬಂಪರಿನ ಹಿಂದೆ ಎಷ್ಟು ದೊಡ್ಡ ಕೂಲರ್ ತೂಗುಹಾಕಿದರೂ, ಹಿಂದೆ ಗಾಳಿ ಮಡುಗಟ್ಟಿದರೆ ಅದು ಬರೀ ಭಾರ.

ಡಬ್ಬಿಯೊಳಗಿನ ಬದಲಾವಣೆ

ಇಷ್ಟರಲ್ಲಿ ಎಣ್ಣೆಯೂ ಬದಲಾಗಿತ್ತು. ಬಿಸಿಯಲ್ಲಿ ಹಿಗ್ಗಿಕೊಂಡು ಎಣ್ಣೆ ಅತಿ ತೆಳುವಾಗದಂತೆ ತಡೆಯುವ ಪಾಲಿಮರುಗಳಿಂದ ಮಲ್ಟಿಗ್ರೇಡ್ ಹುಟ್ಟಿತು. ಆದರೆ ಆ ಪಾಲಿಮರುಗಳು ಟ್ರ್ಯಾಕಿನ ಅರೆತಕ್ಕೆ ತುಂಡಾಗುತ್ತಿದ್ದವು. 1974ರಲ್ಲಿ ಅಮೆರಿಕದಲ್ಲಿ ಮೊಬಿಲ್ 1 ಬಂದ ಮೇಲೆ ಸಿಂಥೆಟಿಕ್ ಎಣ್ಣೆ ಸಾಮಾನ್ಯ ಕಾರಿನವರ ಕೈಗೂ ಸಿಕ್ಕಿತು. ಮಿನರಲ್ ಎಣ್ಣೆ ಬೇಗ ಕೆಡುವ ಬಿಸಿಯನ್ನು ಅದು ಹೆಚ್ಚು ಹೊತ್ತು ತಾಳಿತು. ಎಣ್ಣೆಯನ್ನು 150 ಡಿಗ್ರಿಯಲ್ಲಿ, ಬೇರಿಂಗಿನಂಥದೇ ಅರೆತಕ್ಕೆ ಒಡ್ಡಿ ಅಳೆಯುವ ಎಚ್‌ಟಿಎಚ್‌ಎಸ್ ಪರೀಕ್ಷೆ ಟ್ರ್ಯಾಕಿನವರ ಪಾಲಿಗೆ ನಿಜವಾದ ಜಾತಕ. 20 ದರ್ಜೆಯ ಎಣ್ಣೆಗೆ ಅಲ್ಲಿ ಕನಿಷ್ಠ 2.6 ಮಿಲಿಪಾಸ್ಕಲ್-ಸೆಕೆಂಡ್ ಸಾಕು, 5ಡಬ್ಲ್ಯು-40ಗೆ 3.5 ಬೇಕು. ಇಂಧನ ಉಳಿಸಲೆಂದು ತೆಳು ಎಣ್ಣೆ ಕೇಳುವ ಇಂದಿನ ಕಾರು ಟ್ರ್ಯಾಕಿಗಿಳಿದಾಗ ಈ ಅಂತರ ಲೆಕ್ಕಕ್ಕೆ ಬರುತ್ತದೆ.

ಶೋರೂಮಿನಿಂದ ಟ್ರ್ಯಾಕಿಗೆ

ಕೊನೆಯ ಅಧ್ಯಾಯ ಮಾಮೂಲಿ ಜನರದು. ವಾರಾಂತ್ಯದಲ್ಲಿ ತಮ್ಮದೇ ಕಾರನ್ನು ಟ್ರ್ಯಾಕಿಗೆ ಒಯ್ಯುವ ‘ಟ್ರ್ಯಾಕ್ ಡೇ’ ಹಬ್ಬಿದಂತೆ ಹಳೆಯ ಸಮಸ್ಯೆ ಹೊಸಬರಿಗೆ ಎದುರಾಯಿತು. 2009ರ ಮಾದರಿಯ ನಿಸಾನ್ 370ಝಡ್‌ಗೆ ಆಯಿಲ್ ಕೂಲರ್ ಇರಲಿಲ್ಲ. ಎಣ್ಣೆ ಮಿತಿಮೀರಿ ಕಾದರೆ ಕಂಪ್ಯೂಟರ್ ಆರ್‌ಪಿಎಂ ಮಿತಿಯನ್ನು ತಾನೇ ಇಳಿಸುತ್ತಿತ್ತು. 2012ರ ಹೊತ್ತಿಗೆ ಕೆಲವು ಮಾದರಿಗಳಿಗೆ ಕಾರ್ಖಾನೆಯಿಂದಲೇ ಕೂಲರ್ ಬಂತು. 2015ರ ಶೆವ್ರೊಲೆ ಕಾರ್ವೆಟ್ ಝಡ್06ಗೆ ಡ್ರೈ ಸಂಪ್ ಇದ್ದರೂ ಸೂಪರ್‌ಚಾರ್ಜರಿನ ಕಾವು ಸೇರಿ ಟ್ರ್ಯಾಕಿನಲ್ಲಿ ಬಿಸಿಯೇರಿದ ದೂರುಗಳು ಬಂದವು. 2017ರಲ್ಲಿ ಬಾನೆಟ್ಟಿನ ಗಾಳಿಕಿಂಡಿಗಳು ದೊಡ್ಡದಾದವು.

ಇಂದಿನ ಹೆಚ್ಚಿನ ಕಾರುಗಳಲ್ಲಿರುವುದು ಎಣ್ಣೆಯ ಬಿಸಿಯನ್ನು ನೀರಿಗೆ ದಾಟಿಸುವ ಪುಟ್ಟ ಹೀಟ್ ಎಕ್ಸ್‌ಚೇಂಜರ್. ಇದರ ಜಾಣತನ ಎರಡೂ ಕಡೆಗಿದೆ. ಬೆಳಗಿನ ಚಳಿಯಲ್ಲಿ ಬೇಗ ಕಾಯುವ ನೀರು ಎಣ್ಣೆಯನ್ನು ಕಾಯಿಸುತ್ತದೆ, ಬಿಸಿಯೇರಿದಾಗ ಅದೇ ನೀರು ತಣಿಸುತ್ತದೆ. ಆದರೆ ಟ್ರ್ಯಾಕಿನಲ್ಲಿ ಎಣ್ಣೆಯ ಬಿಸಿಯ ಭಾರವೆಲ್ಲ ರೇಡಿಯೇಟರಿನ ಮೇಲೆ ಬೀಳುತ್ತದೆ. ಬೀಟಲ್‌ನ ಮೂರನೇ ಸಿಲಿಂಡರಿನ ಕಥೆ ಹೊಸ ವೇಷದಲ್ಲಿ ಮರಳಿದೆ.

ಕಾಯದ ಎಣ್ಣೆಯ ಕಾವಲಿಗೂ ಉಪಾಯ ಬಂದಿದೆ. ಬಿಎಂಡಬ್ಲ್ಯು ಎಂ3ಯ ಇ46 ಪೀಳಿಗೆಯಲ್ಲಿ ಆರ್‌ಪಿಎಂ ಮೀಟರಿನ ಸುತ್ತ ಪುಟ್ಟ ದೀಪಗಳಿವೆ. ಎಣ್ಣೆ ತಣ್ಣಗಿದ್ದಾಗ ಅವು ಕಡಿಮೆ ಆರ್‌ಪಿಎಂನಿಂದಲೇ ಹತ್ತಿಕೊಂಡು ‘ತಾಳು’ ಎನ್ನುತ್ತವೆ. ಕಾದಂತೆ ಒಂದೊಂದಾಗಿ ಆರುತ್ತವೆ. ಫಾರ್ಮುಲಾ ಒನ್ ಎಂಜಿನ್ನುಗಳನ್ನಂತೂ ಬಿಸಿ ದ್ರವ ಹರಿಸಿ ಮೊದಲೇ ಕಾಯಿಸಿಯೇ ಚಾಲೂ ಮಾಡುವುದು.

ನಮ್ಮ ದಾರಿಯ ಲೆಕ್ಕ

ಬೆಂಗಳೂರಿನ ಟ್ರ್ಯಾಕ್ ಹುಚ್ಚಿನವರಿಗೆ ಹತ್ತಿರದ ತವರು ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈ. ಅಲ್ಲಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ (ಹಿಂದಿನ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) 1990ರಿಂದ ಇದೆ, ಒಂದು ಸುತ್ತು 3.717 ಕಿಲೋಮೀಟರ್. ಅಲ್ಲಿನ ಸೆಖೆಯಲ್ಲಿ ಲೆಕ್ಕವೇ ಬೇರೆ, ಏಕೆಂದರೆ ಕೂಲರಿನ ಶಕ್ತಿ ನಿಂತಿರುವುದು ಎಣ್ಣೆಗೂ ಹೊರಗಿನ ಗಾಳಿಗೂ ಇರುವ ತಾಪದ ಅಂತರದ ಮೇಲೆ. ಎಣ್ಣೆ 120ರಲ್ಲಿದ್ದಾಗ 15 ಡಿಗ್ರಿಯ ಜರ್ಮನಿಯಲ್ಲಿ ಆ ಅಂತರ 105. 35 ಡಿಗ್ರಿಯ ಚೆನ್ನೈ ಸೀಮೆಯಲ್ಲಿ ಬರೀ 85. ಅದೇ ಕೂಲರ್ ಇಲ್ಲಿ ಸುಮಾರು ಐದನೇ ಒಂದು ಭಾಗ ಕಡಿಮೆ ದುಡಿಯುತ್ತದೆ. ಯುರೋಪಿನವರ ಪಟ್ಟಿ ನೋಡಿ ಕೊಂಡ ಸಾಮಾನು ಇಲ್ಲಿ ಸಾಲದೆ ಹೋಗುವುದು ಇದಕ್ಕೇ. ಹಾಗಾಗಿ ಮೊದಲು ಹಾಕಬೇಕಾದದ್ದು ಕೂಲರಲ್ಲ, ಎಣ್ಣೆಯ ತಾಪ ತೋರಿಸುವ ಒಂದು ಗೇಜು. 130 ಮುಟ್ಟುತ್ತಿದ್ದಂತೆ ಒಂದು ಗೇರ್ ಮೇಲಕ್ಕೆ ಹಾಕಿ ಕಡಿಮೆ ಆರ್‌ಪಿಎಂನಲ್ಲಿ ಎರಡು ಸುತ್ತು ಬಂದರೆ, ಯಾವ ಖರ್ಚೂ ಇಲ್ಲದೆ ಮುಳ್ಳು ಇಳಿಯುವುದು ಕಾಣುತ್ತದೆ.

ಸಂಜೆ ಅದೇ ಕಾರು ವೇಲೂರು, ಹೊಸೂರು ದಾಟಿ ಮನೆಗೆ ಮರಳಬೇಕು. ಮಧ್ಯಾಹ್ನ ಇದ್ದದ್ದು 370ಝಡ್‌ನ ಸಂಕಟ. ಹೊಸೂರಿನ ಏರು ಹತ್ತಿ, ಮಳೆ ಹನಿಯುವ ತಣ್ಣನೆಯ ರಾತ್ರಿಯಲ್ಲಿ ನಿಧಾನವಾಗಿ ಸಾಗುವಾಗ ಇರುವುದು 300 ಎಸ್‌ಎಲ್‌ನ ಸಂಕಟ. ಬಂಪರಿನ ಹಿಂದಿನ ಕೂಲರ್ ಗಾಳಿಗೆ ಮೈಯೊಡ್ಡಿಕೊಂಡೇ ಇರುತ್ತದೆ, ಆದರೆ ಬಿಲ್ಲೆಯೊಳಗಿನ ಮೇಣ ಕುಗ್ಗಿ ದಾರಿ ಕಿರಿದಾಗಿರುತ್ತದೆ. ಗೇಜಿನ ಮುಳ್ಳು ತೊಂಬತ್ತರ ಬಳಿ ಅಲುಗದೆ ನಿಂತಿದ್ದರೆ, ಎರಡೂ ಸಂಕಟ ನೀಗಿತೆಂದು ಅರ್ಥ.