ಮುಖ ಕಾಣದ ಸಂತೆಯಲ್ಲಿ ಜಗಳ ಬಿಡಿಸುವವರು ಯಾರು?

ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಬಾರದು ಎಂಬುದು ಹಳ್ಳಿಯ ಮಾತು. ಸರಕನ್ನು ಮುಟ್ಟಿ, ತಿರುಗಿಸಿ, ಹಲ್ಲು ನೋಡಿ ಕೊಳ್ಳುವುದೇ ವ್ಯಾಪಾರದ ಮೊದಲ ಪಾಠ. ಇಂಟರ್‌ನೆಟ್ ಹರಾಜು ಈ ಪಾಠವನ್ನು ತಲೆಕೆಳಗು ಮಾಡಿತು. ಇಲ್ಲಿ ಎಮ್ಮೆಯಷ್ಟೇ ಅಲ್ಲ, ಎಮ್ಮೆಯ ಒಡೆಯನೂ ಕಾಣುವುದಿಲ್ಲ. ಹಣ ಮೊದಲು ಹೋಗುತ್ತದೆ, ಸರಕು ಆಮೇಲೆ ಬರುತ್ತದೆ. ಬಾರದಿದ್ದರೆ? ಬಂದದ್ದು ಒಡೆದಿದ್ದರೆ? ಕೂಗಿದ ಬೆಲೆಯನ್ನು ಕೊಳ್ಳುವವನೇ ಕೊಡದಿದ್ದರೆ? ಮೂರು ದಶಕಗಳಿಂದ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ನಡೆದಿದೆ. ಆ ಹುಡುಕಾಟದ ಕಥೆ ನ್ಯಾಯದಾನದ ಇತಿಹಾಸದಲ್ಲೇ ಒಂದು ಹೊಸ ಅಧ್ಯಾಯ ಎನ್ನಬಹುದು.

ಧೂಳು ಕಾಲಿನ ನ್ಯಾಯಾಲಯ

ಅಪರಿಚಿತರ ನಡುವಿನ ವ್ಯಾಪಾರ ಹೊಸತೇನಲ್ಲ. ಮಧ್ಯಯುಗದ ಇಂಗ್ಲೆಂಡಿನ ಜಾತ್ರೆಗಳಿಗೆ ದೂರದೂರದ ವರ್ತಕರು ಬರುತ್ತಿದ್ದರು. ಜಾತ್ರೆ ಮುಗಿದರೆ ಅವರು ಮತ್ತೆ ಕೈಗೆ ಸಿಗುವವರಲ್ಲ. ರಾಜನ ನ್ಯಾಯಾಲಯಕ್ಕೆ ಹೋದರೆ ತೀರ್ಪು ಬರುವಷ್ಟರಲ್ಲಿ ವರ್ಷ ಉರುಳುತ್ತಿತ್ತು. ಆದ್ದರಿಂದ ಜಾತ್ರೆಯ ಬಯಲಿನಲ್ಲೇ ಒಂದು ನ್ಯಾಯಾಲಯ ಕೂರುತ್ತಿತ್ತು. ಅದರ ಹೆಸರು ‘ಪೈಪೌಡರ್’. ಫ್ರೆಂಚ್ ಮೂಲದ ಈ ಪದಕ್ಕೆ ಧೂಳು ಮೆತ್ತಿದ ಕಾಲು ಎಂದು ಅರ್ಥ. ಊರೂರು ಅಲೆಯುವ ವರ್ತಕರು ಕಾಲಿನ ಧೂಳನ್ನೂ ಕೊಡವಿಕೊಳ್ಳದೆ ಬಂದು ನ್ಯಾಯ ಕೇಳುತ್ತಿದ್ದರು. ವಿಚಾರಣೆಯಲ್ಲಿ ವರ್ತಕರೇ ಪಂಚರು. ಜಾತ್ರೆ ಚದುರುವ ಮೊದಲೇ ತೀರ್ಪು.

ಈ ಏರ್ಪಾಡಿನಲ್ಲಿ ಮೂರು ಗುಣಗಳಿದ್ದವು: ನ್ಯಾಯ ಬೇಗ ಸಿಗಬೇಕು, ಕಡಿಮೆ ಖರ್ಚಿನಲ್ಲಿ ಸಿಗಬೇಕು, ವ್ಯಾಪಾರ ನಡೆದ ಜಾಗದಲ್ಲೇ ಸಿಗಬೇಕು. ಶತಮಾನಗಳ ನಂತರ ಇಂಟರ್‌ನೆಟ್ ಹರಾಜಿಗೂ ಬೇಕಾದದ್ದು ಇದೇ ಮೂರು.

ಹೆಸರೇ ಬಂಡವಾಳ

1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ಕಂಪ್ಯೂಟರ್ ತಂತ್ರಜ್ಞ ‘ಆಕ್ಷನ್‌ವೆಬ್’ ಎಂಬ ಹರಾಜು ಕಟ್ಟೆಯನ್ನು ತೆರೆದರು. ಮುಂದೆ ‘ಇ-ಬೇ’ ಎಂದು ಲೋಕಪ್ರಸಿದ್ಧವಾದದ್ದು ಇದೇ. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್.

ವ್ಯಾಪಾರದ ಬೆನ್ನಿಗೇ ದೂರುಗಳೂ ಬಂದವು. ಎಲ್ಲವೂ ಒಮಿಡ್ಯಾರ್ ಅವರಿಗೇ ಇ-ಮೇಲ್ ಮೂಲಕ ತಲುಪುತ್ತಿದ್ದವು. ನಿಮ್ಮ ಜಗಳ ನೀವೇ ಬಗೆಹರಿಸಿಕೊಳ್ಳಿ ಎನ್ನುವುದು ಅವರ ನಿಲುವು. ಆದರೆ ದೂರು ಹೆಚ್ಚಿದಾಗ ಬರಿಯ ಮಾತು ಸಾಲದಾಯಿತು. 1996ರ ಫೆಬ್ರುವರಿಯಲ್ಲಿ ಅವರು ‘ಫೀಡ್‌ಬ್ಯಾಕ್ ಫೋರಂ’ ಎಂಬ ವ್ಯವಸ್ಥೆಯನ್ನು ತಂದರು. ವ್ಯವಹಾರ ಮುಗಿದ ಮೇಲೆ ಕೊಂಡವನು ಮಾರಿದವನ ಬಗ್ಗೆಯೂ, ಮಾರಿದವನು ಕೊಂಡವನ ಬಗ್ಗೆಯೂ ನಾಲ್ಕು ಮಾತು ಬರೆಯಬಹುದಿತ್ತು. ಮೆಚ್ಚುಗೆಗೆ ಒಂದು ಅಂಕ ಸೇರುತ್ತಿತ್ತು, ದೂರಿಗೆ ಒಂದು ಅಂಕ ಕಳೆಯುತ್ತಿತ್ತು. ಮೊತ್ತ ಸೊನ್ನೆಗಿಂತ ನಾಲ್ಕು ಅಂಕ ಕೆಳಗಿಳಿದರೆ ಕಟ್ಟೆಯಿಂದಲೇ ಹೊರಗೆ. ಊರ ಬಾಯಿಗೆ ಬೀಳುವ ಭಯ ಸಂತೆಯ ವ್ಯಾಪಾರಿಯನ್ನು ನೇರ ದಾರಿಯಲ್ಲಿ ಇಡುವಂತೆ, ಇಲ್ಲಿ ಅಂಕದ ಭಯ ಕೆಲಸ ಮಾಡಬೇಕೆಂಬುದು ಲೆಕ್ಕಾಚಾರ.

ಬಹುಮಟ್ಟಿಗೆ ಅದು ಕೆಲಸ ಮಾಡಿತು. ಆದರೆ ಒಂದು ವಿಚಿತ್ರವೂ ಬೆಳಕಿಗೆ ಬಂತು. ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ವಿದ್ವಾಂಸರು 1999ರ ವ್ಯವಹಾರಗಳನ್ನು ಪರಿಶೀಲಿಸಿದರು. ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಶೇ 99ಕ್ಕೂ ಹೆಚ್ಚು ಮೆಚ್ಚುಗೆಯವೇ ಆಗಿದ್ದವು! ಎಲ್ಲರೂ ಅಷ್ಟೊಂದು ಪ್ರಾಮಾಣಿಕರೇ? ಕಾರಣದ ಒಂದು ಭಾಗ ಭಯ. ನಾನು ದೂರು ಬರೆದರೆ ಅವನೂ ನನ್ನ ಮೇಲೆ ದೂರು ಬರೆದಾನು ಎಂಬ ಅಳುಕು ಗಿರಾಕಿಯ ಕೈ ಕಟ್ಟಿಹಾಕುತ್ತಿತ್ತು.

ಕಟ್ಟೆಗೆ ವಂಚಕರೂ ಬಂದರು. 2000ದ ಮೇ ತಿಂಗಳಲ್ಲಿ 25 ಸೆಂಟ್‌ಗೆ ಕೂಗಿಗಿಟ್ಟ ಒಂದು ವರ್ಣಚಿತ್ರಕ್ಕೆ ಬೆಲೆ 1,35,805 ಡಾಲರ್‌ವರೆಗೆ ಏರಿತು. ಅದು ರಿಚರ್ಡ್ ಡೀಬೆನ್‌ಕಾರ್ನ್ ಎಂಬ ಹೆಸರಾಂತ ಕಲಾವಿದನ ಕೃತಿಯಿರಬಹುದೆಂದು ಜನ ಊಹಿಸಿದ್ದರು. ಮಾರುವವನೇ ತನ್ನ ಸರಕಿಗೆ ಕೂಗು ಹಾಕಿದ್ದ ಸಂಗತಿ ಹೊರಬಿದ್ದು ಇ-ಬೇ ಆ ಮಾರಾಟವನ್ನೇ ರದ್ದು ಮಾಡಿತು. ಮರುವರ್ಷ ಆರೋಪಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ವೃತ್ತಿಯಲ್ಲಿ ಆತ ವಕೀಲ ಎಂಬುದು ಗಮನಾರ್ಹ.

ಮಧ್ಯಸ್ಥರ ಪ್ರವೇಶ

ಇಂಥ ದೊಡ್ಡ ವಂಚನೆಗೆ ಪೊಲೀಸರಿದ್ದಾರೆ. ಆದರೆ 20 ಡಾಲರಿನ ಪಿಂಗಾಣಿ ಬಟ್ಟಲು ಒಡೆದು ಬಂದರೆ ಯಾವ ನ್ಯಾಯಾಲಯಕ್ಕೆ ಹೋಗುವುದು? ಮಾರಿದವನು ಒಂದು ದೇಶದಲ್ಲಿ, ಕೊಂಡವನು ಇನ್ನೊಂದರಲ್ಲಿ. ವಕೀಲರ ಶುಲ್ಕವೇ ಬಟ್ಟಲಿನ ಬೆಲೆಯ ಹತ್ತಾರು ಪಟ್ಟು. ಇಂಥ ಸಣ್ಣ ನಷ್ಟಕ್ಕೆ ನ್ಯಾಯವೇ ಇಲ್ಲವೆಂದಾದರೆ ವ್ಯಾಪಾರದ ಮೇಲಿನ ನಂಬಿಕೆಯೇ ಕುಸಿಯುತ್ತದೆ.

ಈ ಸಮಸ್ಯೆಯನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಈಥನ್ ಕ್ಯಾಟ್ಶ್ ಮತ್ತು ಜ್ಯಾನೆಟ್ ರಿಫ್ಕಿನ್. ಅವರ ಕೇಂದ್ರ 1999ರ ಸುಮಾರಿಗೆ ಇ-ಬೇ ಜೊತೆ ಒಂದು ಪ್ರಯೋಗ ನಡೆಸಿತು. ಒಬ್ಬ ಮಧ್ಯಸ್ಥ ಎರಡೂ ಕಡೆಯವರೊಡನೆ ಇ-ಮೇಲ್ ಮೂಲಕವೇ ಮಾತುಕತೆ ನಡೆಸಬೇಕಿತ್ತು. ಎರಡೇ ವಾರಗಳಲ್ಲಿ 225 ವ್ಯಾಜ್ಯಗಳು ಬಂದವು. ಎಷ್ಟೋ ಪ್ರಕರಣಗಳಲ್ಲಿ ಎದುರು ಪಕ್ಷದವರು ಉತ್ತರವನ್ನೇ ಕೊಡಲಿಲ್ಲ. ಮಾತುಕತೆಗೆ ಒಪ್ಪಿದವರಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿಯ ಜಗಳ ಬಗೆಹರಿಯಿತು.

ಪ್ರಯೋಗದಿಂದ ಒಂದು ಮಹತ್ವದ ಅಂಶ ತಿಳಿಯಿತು. ಹಲವರು ಬಂದದ್ದು ಹಣಕ್ಕಾಗಿ ಮಾತ್ರವಲ್ಲ. ತಮ್ಮ ಹೆಸರಿಗೆ ಅಂಟಿದ ಕೆಟ್ಟ ಅಂಕವನ್ನು ಅಳಿಸಿಕೊಳ್ಳಲು. ಕಾನೂನಿನ ಭಯವಿಲ್ಲದ ಕಡೆ ಹೆಸರಿನ ಭಯ ಜನರನ್ನು ಮಾತುಕತೆಗೆ ಎಳೆದು ತಂದಿತ್ತು.

ಇದಾದ ಮೇಲೆ 2000ದಲ್ಲಿ ‘ಸ್ಕ್ವೇರ್‌ಟ್ರೇಡ್’ ಎಂಬ ಸಂಸ್ಥೆ ಈ ಕೆಲಸಕ್ಕೆ ನಿಂತಿತು. ಮೊದಲ ಹಂತದಲ್ಲಿ ಮನುಷ್ಯನ ಪ್ರವೇಶವೇ ಇಲ್ಲ. ತೊಂದರೆ ಏನು, ಪರಿಹಾರ ಏನು ಬೇಕು ಎಂಬ ಪಟ್ಟಿಯಲ್ಲಿ ದೂರುದಾರ ಗುರುತು ಹಾಕಬೇಕು. ಎದುರು ಪಕ್ಷ ಅದಕ್ಕೆ ಉತ್ತರಿಸಬೇಕು. ಇದು ಉಚಿತ. ಹೊಂದಾಣಿಕೆ ಆಗದಿದ್ದರೆ ಅಲ್ಪ ಶುಲ್ಕ ಕೊಟ್ಟು ಮಧ್ಯಸ್ಥನನ್ನು ಕೇಳಬಹುದಿತ್ತು. ಬೈಗುಳಕ್ಕೆ ಪಟ್ಟಿಯಲ್ಲಿ ಜಾಗವಿಲ್ಲದ್ದರಿಂದ ಎಷ್ಟೋ ಜಗಳಗಳು ಅಲ್ಲೇ ತಣ್ಣಗಾದವು. 2008ರವರೆಗೆ ಈ ಸೇವೆ ನಡೆಯಿತು.

ಯಂತ್ರದ ಪಂಚಾಯಿತಿ

ಅಷ್ಟರಲ್ಲಿ ಇ-ಬೇ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿತ್ತು. 2002ರಲ್ಲಿ ಹಣ ಪಾವತಿಯ ಸಂಸ್ಥೆಯಾದ ‘ಪೇಪಾಲ್’ ಅದರ ಕೈಸೇರಿದ್ದು ಮುಖ್ಯ ತಿರುವು. ಹಣದ ಗಂಟು ಯಾರ ಕೈಯಲ್ಲಿದೆಯೋ ಅವರ ತೀರ್ಪಿಗೆ ಬಲ ಹೆಚ್ಚು. ಅಂಕ ಕಳೆಯುವ ಬದಲು ಹಣವನ್ನೇ ತಡೆಹಿಡಿಯಲು, ವಾಪಸು ಕೊಡಿಸಲು ಸಾಧ್ಯವಾಯಿತು. 2003ರಲ್ಲಿ ಕಾಲಿನ್ ರೂಲ್ ವ್ಯಾಜ್ಯ ಪರಿಹಾರ ವಿಭಾಗದ ಮುಖ್ಯಸ್ಥರಾಗಿ ಬಂದರು. ಅವರ ವ್ಯವಸ್ಥೆ ವರ್ಷಕ್ಕೆ ಸುಮಾರು 6 ಕೋಟಿ ವ್ಯಾಜ್ಯಗಳನ್ನು ನಿಭಾಯಿಸುವ ಮಟ್ಟಕ್ಕೆ ಬೆಳೆಯಿತು. ಅವುಗಳಲ್ಲಿ ಶೇ 90ರಷ್ಟು ಮನುಷ್ಯರ ಕೈ ಸೋಕದೆ ಕಂಪ್ಯೂಟರ್‌ನಲ್ಲೇ ಮುಗಿಯುತ್ತಿದ್ದವು.

2008ರ ಮೇ ತಿಂಗಳಿನಿಂದ, ಕೊಳ್ಳುವವರ ವಿರುದ್ಧ ಕೆಟ್ಟ ಅಭಿಪ್ರಾಯ ಬರೆಯುವ ಹಕ್ಕನ್ನು ಮಾರುವವರಿಂದ ಕಿತ್ತುಕೊಳ್ಳಲಾಯಿತು. ಸೇಡಿನ ಭಯ ಹೋಗಲಿ ಎಂಬುದು ಉದ್ದೇಶ. ಮಾರುವವರು ಸಿಟ್ಟಾದರು; ಫೆಬ್ರುವರಿಯಲ್ಲೇ ಒಂದು ವಾರದ ಬಹಿಷ್ಕಾರವನ್ನೂ ಹೂಡಿದ್ದರು. ಸರಕು ಸರಿಯಿದ್ದರೂ ಸುಳ್ಳು ದೂರು ಕೊಟ್ಟು ಹಣ ವಾಪಸು ಪಡೆಯುವ ಗಿರಾಕಿಗಳಿಂದ ತಮ್ಮನ್ನು ಕಾಪಾಡುವವರು ಯಾರು ಎಂಬುದು ಅವರ ಪ್ರಶ್ನೆ. ಅದು ಇಂದಿಗೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ತಕ್ಕಡಿ ಒಂದು ಕಡೆಗೆ ವಾಲಿದ್ದನ್ನು ಸರಿಪಡಿಸಲು ಹೋಗಿ ಇನ್ನೊಂದು ಕಡೆಗೆ ವಾಲಿಸಿದಂತಾಯಿತು.

ಭಾರತದಲ್ಲಿ

ನಮ್ಮ ದೇಶದಲ್ಲಿ ಇಂಥ ಹರಾಜನ್ನು ಜನಪ್ರಿಯಗೊಳಿಸಿದ್ದು 2000ದಲ್ಲಿ ಮುಂಬೈಯಲ್ಲಿ ಹುಟ್ಟಿದ ‘ಬಾಝೀ ಡಾಟ್ ಕಾಮ್’. 2004ರಲ್ಲಿ ಇ-ಬೇ ಅದನ್ನು ಕೊಂಡಿತು. ಆಮೇಲೆ ಬಂದ ‘ಪೈಸಾಪೇ’ ಪದ್ಧತಿಯಲ್ಲಿ ಕೊಂಡವನ ಹಣ ನೇರವಾಗಿ ಮಾರಿದವನ ಕೈಗೆ ಹೋಗದೆ ನಡುವೆ ನಿಲ್ಲುತ್ತಿತ್ತು. ನಂಬಿಕಸ್ಥ ಮೂರನೆಯವನ ಕೈಯಲ್ಲಿ ಹಣ ಇಡುವ ಹಳೆಯ ರೂಢಿಯೇ ಇದು. 2017ರಲ್ಲಿ ಇ-ಬೇಯ ಭಾರತದ ವಹಿವಾಟು ಬೆಂಗಳೂರಿನ ಫ್ಲಿಪ್‌ಕಾರ್ಟ್ ವಶವಾಯಿತು. 2018ರ ಆಗಸ್ಟ್‌ನಲ್ಲಿ ಆ ತಾಣ ಮುಚ್ಚಿತು. ಇ-ಬೇಯ ಜಾಗತಿಕ ಕಟ್ಟೆಯಲ್ಲೂ ಇಂದು ಹರಾಜಿಗಿಂತ ನಿಗದಿತ ಬೆಲೆಯ ಮಾರಾಟವೇ ಹೆಚ್ಚು.

ಕಾನೂನು ನಿಧಾನವಾಗಿಯಾದರೂ ಹಿಂದೆ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹಾರ ಒದಗಿಸಬೇಕು. ಆದರೆ ಮನೆಯ ಹಳೆಯ ಸಾಮಾನನ್ನು ಎಂದೋ ಒಮ್ಮೆ ಮಾರುವ ಖಾಸಗಿ ವ್ಯಕ್ತಿಯ ವ್ಯವಹಾರಕ್ಕೆ ಈ ನಿಯಮಗಳು ಅನ್ವಯಿಸುವುದಿಲ್ಲ. ಹರಾಜು ಕಟ್ಟೆ ಹುಟ್ಟಿದ್ದೇ ಅಂಥವರಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ಸರ್ಕಾರಗಳೇ ನಡೆಸಿದ ಪ್ರಯತ್ನಗಳೂ ಇವೆ. ಐರೋಪ್ಯ ಒಕ್ಕೂಟ 2016ರಲ್ಲಿ ಗ್ರಾಹಕ ವ್ಯಾಜ್ಯಗಳಿಗೆಂದೇ ಒಂದು ತಾಣ ತೆರೆದಿತ್ತು. ಬಳಕೆ ತೀರಾ ಕಡಿಮೆಯಾದ್ದರಿಂದ 2025ರ ಜುಲೈನಲ್ಲಿ ಅದನ್ನು ಮುಚ್ಚಲಾಯಿತು. ಹಣವೂ ಹೆಸರೂ ಕಂಪನಿಯ ಕೈಯಲ್ಲಿರುವಾಗ ಜನ ಕಂಪನಿಯ ಬಾಗಿಲನ್ನೇ ಮೊದಲು ತಟ್ಟುತ್ತಾರೆ.

ತೊಡಕು ಇರುವುದೂ ಅಲ್ಲಿಯೇ. ಧೂಳು ಕಾಲಿನ ನ್ಯಾಯಾಲಯದಲ್ಲಿ ವಾದ ನಡೆಯುವುದು ಎಲ್ಲರ ಎದುರು. ತೀರ್ಪು ಕೊಡುವವರು ವಾದಿಗಳಂತೆಯೇ ವರ್ತಕರು. ಇಂದಿನ ಕಟ್ಟೆಯಲ್ಲಿ ಸಂತೆಯ ಒಡೆಯನೇ ನ್ಯಾಯಾಧೀಶ. ಸುಂಕ ವಸೂಲು ಮಾಡುವವನೂ ಅವನೇ, ನಿಯಮ ಬರೆಯುವವನೂ ಅವನೇ. ನ್ಯಾಯ ಬೇಗ ಸಿಗುತ್ತಿದೆ, ಅಗ್ಗವಾಗಿಯೂ ಸಿಗುತ್ತಿದೆ. ಆದರೆ ಸೋತವನಿಗೆ ತಾನು ಏಕೆ ಸೋತೆ ಎಂಬ ಕಾರಣವೂ ಸಿಗಬೇಕು. ಅದು ಸಿಗುವವರೆಗೆ ಈ ನ್ಯಾಯ ಅರ್ಧ ನ್ಯಾಯವೇ.